ಹೊಸ ಯಂತ್ರಕ್ಕೆ ಹಳೆಯ ಋಣವುಂಟೆ?

ಋಣವೆಂಬುದು ಮನುಷ್ಯರ ನಡುವಿನ ಮಾತು. ಯಂತ್ರಕ್ಕೆಲ್ಲಿಯ ಋಣ ಎಂದು ಯಾರಾದರೂ ಕೇಳಬಹುದು. ಆದರೆ ಯಂತ್ರವನ್ನು ಮಾಡಿ ಮಾರುವವನು ಮನುಷ್ಯ. ದುಡಿದ ಹಣ ತೆತ್ತು ಕೊಳ್ಳುವವನೂ ಮನುಷ್ಯನೇ. ಆದುದರಿಂದ ಈ ಪ್ರಶ್ನೆ ನೀತಿಗೆ ಸೇರಿದ್ದು.

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಕೆಲವೇ ನಿಮಿಷಗಳ ನಡಿಗೆಯಲ್ಲಿರುವ ಲ್ಯಾಮಿಂಗ್ಟನ್ ರೋಡ್, ಅಂದರೆ ಈಗಿನ ಡಾ. ಭಡಕಮಕರ ಮಾರ್ಗ, ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೆಸರಾದ ಪೇಟೆ. ಟೀವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳೂ ಅಲ್ಲಿ ದೊರೆಯುತ್ತವೆ. 1990ರ ದಶಕದಲ್ಲಿ ನಮ್ಮ ಮಕ್ಕಳು ‘ಕ್ಯಾಸೆಟ್’ ಎನ್ನುತ್ತಿದ್ದ ಆಟದ ಡಬ್ಬಿಗಳ ಜಾಗಕ್ಕೆ ಡಿಸ್ಕ್ ಬಂತು. ಈಗ ಆಟಗಳು ಅಂತರ್ಜಾಲದಿಂದಲೇ ಇಳಿಯುತ್ತವೆ. ಹೊಸ ಯಂತ್ರ ಬಂದಾಗಲೆಲ್ಲ ಏಳುವ ಪ್ರಶ್ನೆ ಒಂದೇ: ಮನೆಯಲ್ಲಿರುವ ಹಳೆಯ ಆಟಗಳ ಗತಿಯೇನು?

ತಯಾರಕರ ಉತ್ತರ ಮಾತ್ರ ಬದಲಾಗುತ್ತ ಬಂದಿದೆ. 2000ದ ಪ್ಲೇಸ್ಟೇಷನ್ 2, ತನ್ನ ಹಿಂದಿನ ಯಂತ್ರದ ಡಿಸ್ಕುಗಳನ್ನು ಆಡಿಸಿತು. 2006ರ ಪ್ಲೇಸ್ಟೇಷನ್ 3ರ ಮೊದಲ ಮಾದರಿಗಳಲ್ಲಿ ಹಳೆಯ ಯಂತ್ರದ ಚಿಪ್ಪುಗಳನ್ನೇ ಕೂಡಿಸಿದ್ದರು. ಖರ್ಚು ಇಳಿಸಲು ಮುಂದೆ ಅವನ್ನು ತೆಗೆದರು. 2013ರ ಪ್ಲೇಸ್ಟೇಷನ್ 4, ಮೂರನೆಯದರ ಡಿಸ್ಕನ್ನು ಒಪ್ಪಲೇ ಇಲ್ಲ. 2020ರ ಪ್ಲೇಸ್ಟೇಷನ್ 5 ನಾಲ್ಕನೆಯದರ ಬಹುತೇಕ ಎಲ್ಲ ಆಟಗಳನ್ನೂ, 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಹಿಂದಿನ ಸ್ವಿಚ್‌ನ ಹೆಚ್ಚಿನ ಆಟಗಳನ್ನೂ ಆಡಿಸುತ್ತವೆ.

ತಯಾರಕರ ಪಕ್ಷದಲ್ಲೂ ನ್ಯಾಯವಿದೆ. ಒಳಗಿನ ರಚನೆಯೇ ಬದಲಾದಾಗ ಹಳೆಯದನ್ನು ಆಡಿಸುವುದು ಕಷ್ಟದ, ಖರ್ಚಿನ ಕೆಲಸ. ಹಳೆಯ ಗಂಟನ್ನೆಲ್ಲ ಹೊತ್ತವನು ದೂರ ನಡೆಯಲಾರ. ಹಾಗಾದರೆ ಹಳೆಯ ಯಂತ್ರವನ್ನೂ ಇಟ್ಟುಕೊಳ್ಳಿ ಎನ್ನಬಹುದೇ? ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ಮುಂಬಯಿಗನಿಗೆ ಈ ಉಪದೇಶ ರುಚಿಸದು. ಇಟ್ಟುಕೊಂಡರೂ, ಕೆಟ್ಟ ಯಂತ್ರಕ್ಕೆ ಬಿಡಿಭಾಗ ಸಿಗಬೇಕಲ್ಲ!

ಇನ್ನೊಂದು ದಾರಿಯೂ ಇದೆ: ಹಳೆಯ ಆಟಗಳನ್ನು ಚಂದಾ ಪಡೆದು ಒದಗಿಸುವುದು. ಚಂದಾ ನಿಂತ ದಿನ ಆಟವೂ ನಿಲ್ಲುತ್ತದೆ. ಗ್ರಾಂಟ್ ರೋಡಿನ ಹಳೆಯ ಕಟ್ಟಡಗಳ ಪಗಡಿ ಪದ್ಧತಿಯನ್ನು ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಮೊತ್ತ ತೆತ್ತರೂ ಅಲ್ಲಿ ಗೋಡೆ ನಮ್ಮದಲ್ಲ. ಆದರೂ ಪಗಡಿಯವನಿಗೆ ಬಾಡಿಗೆ ಕಾಯಿದೆಯ ಆಸರೆಯುಂಟು. ಆಟದ ಚಂದಾದಾರನಿಗೆ ಅಷ್ಟೂ ಇಲ್ಲ. 2023ರ ಮಾರ್ಚಿನಲ್ಲಿ ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಅಂತರ್ಜಾಲದ ಅಂಗಡಿಗಳಲ್ಲಿ ಮಾರಾಟ ನಿಲ್ಲಿಸಿತು. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರಾಟದಲ್ಲಿಲ್ಲವೆಂದು ಅದೇ ವರ್ಷ ಅಲ್ಲಿನ ಒಂದು ಅಧ್ಯಯನ ತಿಳಿಸಿತು.

ಹಾಗಾದರೆ ಋಣವೆಷ್ಟು? ಹಳೆಯದನ್ನು ಎಂದೆಂದಿಗೂ ಹೊರಬೇಕೆನ್ನುವುದು ಅತಿಯಾಸೆ. ಆದರೆ ಏನು ಆಡುತ್ತದೆ, ಏನು ಆಡದು ಎಂಬುದನ್ನು ಹಣ ಪಡೆಯುವ ಮೊದಲೇ ಹೇಳುವುದು, ಒಮ್ಮೆ ಮಾರಿದ್ದಕ್ಕೆ ಮತ್ತೊಮ್ಮೆ ಬೆಲೆ ಕೇಳದಿರುವುದು, ತಾನು ಹೊರಲಾರದ್ದನ್ನು ಕಾಪಾಡಹೊರಟವರ ದಾರಿಗೆ ಅಡ್ಡ ನಿಲ್ಲದಿರುವುದು, ಇಷ್ಟು ಋಣ ಮಾರುವವನ ಮೇಲೆ ಖಂಡಿತ ಇದೆ.

ಕೊಳ್ಳುವವರಾದ ನಮಗೂ ಒಂದು ಕರ್ತವ್ಯವಿದೆ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು, “ಇದು ಹಳೆಯದನ್ನು ಆಡಿಸುತ್ತದೆಯೇ?” ಎಂದು ಕೇಳೋಣ. ಅಣ್ಣ ಆಡಿದ ಆಟ ತಮ್ಮನ ಕೈಗೂ ಬರಬೇಕೆಂಬ ಆಸೆಯನ್ನು, ನಾವು ಕೇಳದಿದ್ದರೆ, ಯಾವ ತಯಾರಕನೂ ತಾನಾಗಿ ಲೆಕ್ಕಕ್ಕೆ ಹಿಡಿಯಲಾರ.