ಸವೆಯುವುದು, ಸಲ್ಲುವುದು

ಹಿರೇಕೆರೂರಿನ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರು ಎಲೆ-ಅಡಿಕೆ ಚೀಲ ಬಿಚ್ಚಿ ನನಗೆ ಚಿಲ್ಲರೆ ಕೊಟ್ಟರು. ಹತ್ತರ ನೋಟು. ನಾಲ್ಕು ಮಡಿಕೆ, ಮಡಿಕೆಯ ಗೆರೆಯಲ್ಲಿ ಸೀಳು, ಅಂಚಿಗೆ ಸುಣ್ಣದ ಕಲೆ. ನಾನು ಅನುಮಾನಿಸಿದ್ದು ಕಂಡು, “ತಗೋ ತಮ್ಮಾ, ನಡೀತೈತಿ. ಎಷ್ಟ್ ಮಂದಿ ಕೈಯಾಗ ದುಡದೈತೋ ಏನೋ” ಎಂದರು. ಅಬಲೂರು ಮುಟ್ಟುವವರೆಗೂ ಆ ಮಾತು ನನ್ನನ್ನು ಬಿಡಲಿಲ್ಲ.

ನೋಟನ್ನು ಕಾಗದ ಎನ್ನುತ್ತೇವೆ; ಅದು ಹತ್ತಿ. ಈ ಸೀಮೆಯ ಹೊಲಗಳಲ್ಲಿ ಬೆಳ್ಳಗೆ ಅರಳುತ್ತದಲ್ಲ, ಆ ಹತ್ತಿ. ಉಟ್ಟ ಬಟ್ಟೆಯಂತೆ ಬೆವರು ಕುಡಿಯುತ್ತದೆ, ಮಡಿಕೆಯಲ್ಲಿ ಹರಿಯುತ್ತದೆ. ಹರಿದ, ತೀರಾ ಕೊಳೆಯಾದ ನೋಟನ್ನು ರಿಸರ್ವ್ ಬ್ಯಾಂಕ್ ಮತ್ತೆ ಚಲಾವಣೆಗೆ ಬಿಡಕೂಡದೆಂದು 1934ರ ಕಾಯ್ದೆಯೇ ಹೇಳುತ್ತದೆ. ಅಂಥವನ್ನು ಯಂತ್ರ ಚೂರು ಮಾಡಿ ಇಟ್ಟಿಗೆಯಂತೆ ಒತ್ತುತ್ತದೆ. 1996ರಲ್ಲಿ ಶುರುವಾದ ಮೈಸೂರಿನ ಮುದ್ರಣಾಲಯದಂಥ ಕಡೆಗಳಿಂದ ಹೊಸವು ಬರುತ್ತವೆ. ನೋಟು ಸತ್ತರೂ ಹತ್ತು ರೂಪಾಯಿ ಸಾಯುವುದಿಲ್ಲ, ಮೈ ಬದಲಿಸುತ್ತದೆ.

ನಾಣ್ಯದ ಕಥೆ ಬೇರೆ. ಉಕ್ಕಿನ ನಾಲ್ಕಾಣೆ ಬೇಗ ಸವೆಯುವಂಥದ್ದಲ್ಲ. ಆದರೂ 2011ರ ಜೂನ್ 30ರಿಂದ ಅದು ಸಲ್ಲದಾಯಿತು. ಮೈ ಗಟ್ಟಿಯಿತ್ತು, ಅದಕ್ಕೆ ಬರುವ ಸಾಮಾನು ಸಂತೆಯಲ್ಲಿ ಉಳಿದಿರಲಿಲ್ಲ. ಮೈ ಉಳಿದ ಮಾತ್ರಕ್ಕೆ ಬೆಲೆ ಉಳಿಯದು.

ಅಬಲೂರನ್ನು ಜನ ಸರ್ವಜ್ಞನ ಹುಟ್ಟೂರೆಂದು, ಆತನನ್ನು ಕುಂಬಾರಗಿತ್ತಿಯ ಮಗನೆಂದು ನಂಬುತ್ತಾರೆ. ಗಡಿಗೆ ಒಡೆದರೆ ಕುಂಬಾರರು ಅಳುತ್ತ ಕೂರುವುದಿಲ್ಲ, ಮತ್ತೆ ತಿಗರಿ ತಿರುಗಿಸುತ್ತಾರೆ. ಆತನ ತ್ರಿಪದಿಗಳು ಬಾಳಿದ್ದೂ ಹೀಗೆಯೇ. ಒಂದು ಓಲೆಗೆ ಹುಳ ಹಿಡಿಯುವ ಮುನ್ನ ಯಾರೋ ಇನ್ನೊಂದಕ್ಕೆ ಇಳಿಸಿಕೊಂಡರು. ಅಜ್ಜಿಯ ಬಾಯಿಂದ ಮೊಮ್ಮಗಳ ಬಾಯಿಗೆ ಬಂದವು. 1924ರಲ್ಲಿ ಉತ್ತಂಗಿ ಚನ್ನಪ್ಪನವರು ಅವನ್ನು ಕೂಡಿಸಿ ಅಚ್ಚು ಮಾಡಿಸಿದಾಗ ಮತ್ತೊಂದು ಮೈ ಸಿಕ್ಕಿತು. ಅವನ್ನು ಉಳಿಸಿದ್ದು ಓಲೆಯ ಗಟ್ಟಿತನವಲ್ಲ, ಬರೆದುಕೊಂಡವರ ಕೈ.

ಸವೆತ ದೋಷವಲ್ಲ, ದುಡಿಮೆಯ ಗುರುತು. ಆದರೆ ಸವೆದದ್ದನ್ನು ಬದಲಿಸುವ ಹೊಣೆ ಯಾರಾದರೂ ಹೊರಬೇಕು. ಹರಿದ ನೋಟು ಕೈಯಿಂದ ಕೈಗೆ ಜಾರಿ ಕೊನೆಗೆ ನಿಲ್ಲುವುದು, ಬೇಡವೆನ್ನಲು ಆಗದ ಬಡವರ ಹತ್ತಿರ. ಆ ಹತ್ತರ ನೋಟನ್ನು ನಾನು ಯಾರಿಗೂ ದಾಟಿಸದೆ ಬ್ಯಾಂಕಿಗೆ ಕೊಟ್ಟು ಬೇರೊಂದು ಪಡೆದೆ. ನಿಮ್ಮ ಕೈಗೂ ಅಂಥದೊಂದು ಬಂದರೆ ದಯವಿಟ್ಟು ಹಾಗೆಯೇ ಮಾಡಿ.