ಹಿಮದ ನೆರಳು ನೀಲಿ

‘ಒಂದು ಸೀನರಿ ಬಿಡಿಸಿ’ ಎಂದರೆ ಸಾಕು, ಹಿಮ ಹೊದ್ದ ಬೆಟ್ಟ, ದೇವದಾರು ಮರ, ಹಲಗೆಯ ಪುಟ್ಟ ಮನೆ, ಅದರ ಮಾಡಿನಿಂದೇಳುವ ಹೊಗೆ ಮಕ್ಕಳ ಹಾಳೆಯ ಮೇಲೆ ಬಂದೇ ಬರುತ್ತವೆ. ಕ್ಯಾಲೆಂಡರಿನಲ್ಲೋ ಮೊಬೈಲಿನಲ್ಲೋ ಕಂಡದ್ದು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಬಳ್ಳಾರಿಯ ರೂಪನಗುಡಿ ಸೀಮೆಯ ಮಗುವಿಗೆ ಹಿಮವೇಕೆ ಎಂದು ಗದರುವ ದೊಡ್ಡವರಿದ್ದಾರೆ. ಆ ಗದರಿಕೆ ನನಗೆ ಒಪ್ಪಿಗೆಯಿಲ್ಲ. ಕಾಣದ್ದನ್ನು ಬಿಡಿಸುವ ಆಸೆಯಿಂದಲೂ ಕೈ ಪಳಗುತ್ತದೆ.

ಕೊರತೆಯಿರುವುದು ಹೇಳಿಕೊಡುವುದರಲ್ಲಿ. ಹಿಮವೆಂದರೆ ಬಿಳಿ ಎಂದು ಮಗು ಬಿಳಿಯನ್ನೇ ಬಳಿಯುತ್ತದೆ. ಬೆಟ್ಟ ಸುಣ್ಣ ಹೊಡೆದ ಗೋಡೆಯಂತಾಗುತ್ತದೆ. ಹಿಮದಲ್ಲಿ ಬಿಸಿಲು ಬಿದ್ದ ಕಡೆ ತುಸು ಹಳದಿ, ಸಂಜೆಗೆ ಗುಲಾಬಿ, ನೆರಳಿನಲ್ಲಿ ನೀಲಿ. ನೇರ ಬಿಸಿಲು ತಾಗದ ಜಾಗಕ್ಕೆ ಆಕಾಶದ ನೀಲಿ ಬೆಳಕೇ ಇಳಿಯುವುದರಿಂದ ಹಾಗೆ. ಜಲವರ್ಣವಾದರೆ ಬಿಳಿ ಬಣ್ಣವೇ ಬೇಡ. ಹಾಳೆಯನ್ನು ಹಾಗೇ ಬಿಟ್ಟು, ನೆರಳಿಗಷ್ಟೇ ತೆಳುವಾಗಿ ನೀಲಿ ಹಾಯಿಸಿದರೆ ಹಿಮ ತಾನಾಗಿ ಮೂಡುತ್ತದೆ. ಮನೆಯ ಮಾಡು ಕಡಿದಾಗಿರಲಿ, ಹಿಮ ಜಾರಿ ಬೀಳಬೇಕಲ್ಲ. ಮಳೆ ಕಡಿಮೆಯ ನಮ್ಮಲ್ಲಿ ಮಣ್ಣಿನ ಮಾಳಿಗೆ ಸಪಾಟಾಗಿರುವುದಕ್ಕೂ ಹವೆಯೇ ಕಾರಣ ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.

ಈ ನೀಲಿಯನ್ನು ಕಾಣಲು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಹೋದರೂ ಆದೀತು. ರಷ್ಯಾದಿಂದ ಬಂದು ಕುಲು ಕಣಿವೆಯ ನಗ್ಗರದಲ್ಲಿ 1928ರಲ್ಲಿ ನೆಲೆಸಿ, 1947ರಲ್ಲಿ ಅಲ್ಲೇ ತೀರಿಕೊಂಡ ನಿಕೋಲಸ್ ರೋರಿಕ್ ಅವರ ಹಿಮಾಲಯದ ಚಿತ್ರಗಳು ಪರಿಷತ್ತಿನಲ್ಲಿವೆ. ಮಗ ಸ್ವೆತೊಸ್ಲಾವ್ ರೋರಿಕ್ ಅವರವೂ ಇವೆ. ಚಿತ್ರನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ, ಬೆಂಗಳೂರಿನ ಹೊರಗೆ ತಾತಗುಣಿಯಲ್ಲಿ ನೆಲೆನಿಂತ ಸ್ವೆತೊಸ್ಲಾವ್ ದಕ್ಷಿಣದ ಹಳ್ಳಿಯ ಜನರನ್ನು ಉರಿಯುವ ಕೆಂಪು, ಹಳದಿಗಳಲ್ಲಿ ಬಿಡಿಸಿದರು. ಹಿಮದ ನಾಡಿನವರಿಗೆ ನಮ್ಮ ಬಿಸಿಲು ಒಲಿದಿರುವಾಗ ಬಳ್ಳಾರಿಯ ಮಗುವಿಗೆ ಹಿಮ ಒಲಿಯಬಾರದೇ?

ನೆರಳಿನಲ್ಲಿ ನೀಲಿ ಕಂಡ ಕಣ್ಣು ಎರೆಹೊಲವನ್ನು ಬರೀ ಕಪ್ಪೆಂದು ಬಿಡುವುದಿಲ್ಲ. ಹಸಿ ಎರೆಯ ಬಣ್ಣ ಬೇರೆ, ಬೇಸಿಗೆಯಲ್ಲಿ ಬಿರಿದ ಎರೆಯ ಬೂದು ಬೇರೆ, ಹತ್ತಿ ಒಡೆದಾಗ ಸಾಲುಗಳ ನಡುವಿನ ನೆರಳೇ ಬೇರೆ. ಹಿಮದಿಂದ ಕಲಿತದ್ದು ಹೊಲಕ್ಕೂ ಬರುತ್ತದೆ.

ಡ್ರಾಯಿಂಗ್ ಮೇಷ್ಟ್ರೇ, ಮಗು ಹಿಮದ ಮನೆ ಬಿಡಿಸಿ ತಂದರೆ ಹಾಳೆ ತಳ್ಳಬೇಡಿ. ಸೂರ್ಯ ಯಾವ ಕಡೆ ಇದ್ದಾನೆ, ನೆರಳು ಎತ್ತ ಬೀಳುತ್ತದೆ ಎಂದು ಕೇಳಿ.