ಕವಚದ ಒಳಗಿದ್ದವನು

ಹರಿಕಥೆ ಕೇಳಿ ಬೆಳೆದವರಿಗೆ ಸಹಸ್ರಕವಚನ ಕಥೆ ಗೊತ್ತು. ಸೂರ್ಯನ ವರದಿಂದ ಸಾವಿರ ಕವಚ ಪಡೆದ ಅಸುರ ಅವನು. ಒಂದು ಕವಚ ಒಡೆಯಬೇಕಾದರೆ ಸಾವಿರ ವರ್ಷ ತಪಸ್ಸು ಮಾಡಿ ಸಾವಿರ ವರ್ಷ ಕಾದಬೇಕು. ಒಡೆದವನು ಒಡೆದ ಕ್ಷಣವೇ ಸಾಯುತ್ತಾನೆ. ಋಷಿಗಳಾದ ನರನೂ ನಾರಾಯಣನೂ ಸರದಿ ಹಿಡಿದರು. ಒಬ್ಬ ಯುದ್ಧಕ್ಕೆ, ಒಬ್ಬ ತಪಸ್ಸಿಗೆ. ಬಿದ್ದವನನ್ನು ಇನ್ನೊಬ್ಬ ತಪೋಬಲದಿಂದ ಎಬ್ಬಿಸುತ್ತಾನೆ, ತಾನು ಕಣಕ್ಕಿಳಿಯುತ್ತಾನೆ. ಹೀಗೆ 999 ಕವಚ ಒಡೆದವು. ಉಳಿದ ಒಂದರೊಂದಿಗೆ ಅಸುರ ಸೂರ್ಯನ ಮರೆಹೊಕ್ಕ. ಮುಂದೆ ಅದೇ ಕವಚ ತೊಟ್ಟು ಕುಂತಿಯ ಮಗ ಕರ್ಣನಾಗಿ ಹುಟ್ಟಿದ. ನರ ಅರ್ಜುನನಾದ, ನಾರಾಯಣ ಕೃಷ್ಣನಾದ. ಬಾಕಿ ಉಳಿದ ಲೆಕ್ಕ ಕುರುಕ್ಷೇತ್ರದಲ್ಲಿ ಚುಕ್ತಾ ಆಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಕರ್ಣನ ಸಾವಿಗೆ ಸಮಾಧಾನವಾಗಿ ಹೇಳುತ್ತಾರೆ. ಹೂತುಹೋದ ರಥದ ಗಾಲಿ ಎತ್ತುತ್ತಿದ್ದವನ ಮೇಲೆ ಅರ್ಜುನ ಬಾಣ ಬಿಟ್ಟದ್ದು ಸರಿಯೇ ಎಂದು ಯಾರಾದರೂ ಕೇಳಿದರೆ, ಅವನು ಹಿಂದಿನ ಜನ್ಮದಲ್ಲಿ ಅಸುರನಾಗಿದ್ದ ಎಂಬ ಉತ್ತರ ಸಿದ್ಧವಾಗಿದೆ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಈ ಅಸುರನ ಜಾಗದಲ್ಲಿ ದಂಭೋದ್ಭವ ಎಂಬ ರಾಜ ಬರುತ್ತಾನೆ. ತನಗೆ ಸಮಾನರಿಲ್ಲ ಎಂದು ಬೀಗಿ ನರನನ್ನು ಕೆಣಕುತ್ತಾನೆ. ನರ ಹಿಡಿ ಹುಲ್ಲುಕಡ್ಡಿಯಿಂದಲೇ ಅವನ ಸೈನ್ಯವನ್ನು ಮಣಿಸಿ, ಬುದ್ಧಿ ಹೇಳಿ ಕಳಿಸುತ್ತಾನೆ. ಅಲ್ಲಿ ಕೊಲೆ ಇಲ್ಲ, ಸಾವಿರ ಕವಚವೂ ಇಲ್ಲ. ಸೊಕ್ಕಿನ ರಾಜ ಅಸುರನಾಗಿ, ಅಸುರ ಕರ್ಣನಾಗಿ ಬೆಳೆದದ್ದು ಆಮೇಲಿನವರ ಬಾಯಲ್ಲಿ. ಕರ್ಣನಿಗಾಗಿ ಅತ್ತ ಜನ ಆ ಅಳುವಿಗೊಂದು ಕಾರಣ ಬೇಡಿದ್ದರಿಂದ ಅದು ಬೆಳೆಯಿತೆಂದು ನನ್ನ ಊಹೆ.

ಕವಚ ತೊಟ್ಟು ಮತ್ತೆ ಮತ್ತೆ ಎದುರಾಗುವ ವೈರಿ ಇವತ್ತಿನ ಮಕ್ಕಳಿಗೂ ಪರಿಚಿತ. ಜಪಾನಿನಲ್ಲಿ 1986ರಲ್ಲಿ ಶುರುವಾದ ಡ್ರ್ಯಾಗನ್ ಕ್ವೆಸ್ಟ್ ವಿಡಿಯೋ ಗೇಮ್ ಸರಣಿಯಲ್ಲಿ ಕವಚಧಾರಿ ಯೋಧರಿದ್ದಾರೆ. 1988ರ ಮೂರನೆಯ ಆಟದಲ್ಲಿ ಅಲೆಯುವ ಕವಚವೆಂಬ ವೈರಿ ಬಂತು. ಒಳಗೆ ಮನುಷ್ಯನಿಲ್ಲ, ಬರೀ ಉಕ್ಕು ನಡೆದುಬಂದು ಕತ್ತಿ ಬೀಸುತ್ತದೆ. ಮುಂದಿನ ಆಟಗಳಲ್ಲೂ ಅದು ಬರುತ್ತಲೇ ಇದೆ. 2011ರ ಡಾರ್ಕ್ ಸೋಲ್ಸ್ ಎಂಬ ಆಟದ ಕಪ್ಪು ಯೋಧರದು ಇನ್ನೂ ದಾರುಣ ಕಥೆ. ಒಬ್ಬ ದೊರೆಯ ನಿಷ್ಠಾವಂತ ಯೋಧರಾಗಿದ್ದವರು ಅವರು. ಲೋಕದ ಬೆಂಕಿ ಆರದಿರಲೆಂದು ಆ ದೊರೆ ತನ್ನನ್ನೇ ಅದಕ್ಕೆ ಒಪ್ಪಿಸಿದಾಗ ಅವರೂ ಸುಟ್ಟು ಬೂದಿಯಾದರು. ಕವಚಗಳು ಮಾತ್ರ ಇನ್ನೂ ಅಲೆಯುತ್ತಿವೆ. ಅದೇ ಸರಣಿಯ 2016ರ ಮೂರನೆಯ ಆಟದಲ್ಲೂ ಅವು ಹಾಗೆಯೇ ಎದುರಾಗುತ್ತವೆ.

ಮುಖ ಮುಚ್ಚಿದ ವೈರಿಯಿಂದ ಅನುಕೂಲವಿದೆ. ಕಣ್ಣು ಕಾಣದಿದ್ದರೆ ಕೈ ನಡುಗುವುದಿಲ್ಲ. ಒಂದೇ ಕವಚವನ್ನು ನೂರು ಸಲ ಕೆಡವಿದರೂ ಯಾರನ್ನೋ ಕೊಂದೆವೆಂಬ ಭಾವ ಬರುವುದಿಲ್ಲ. ಆದರೂ ಈ ಆಟಗಳನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಕಪ್ಪು ಯೋಧನ ಮುಂದೆ ಸೋತವನು ಮತ್ತೆ ಬಂದು ಅವನ ಹೆಜ್ಜೆ, ಅವನ ಬೀಸು, ಅವನು ತಡೆದು ನಿಲ್ಲುವ ಗಳಿಗೆ ಎಲ್ಲವನ್ನೂ ಕಲಿಯಬೇಕು. ಸತ್ತು ಎದ್ದು, ಎದ್ದು ಸತ್ತು ಕಲಿಯುವ ಈ ಕ್ರಮ ನರ-ನಾರಾಯಣರ ಸರದಿಯನ್ನು ಎಷ್ಟು ಹೋಲುತ್ತದೆ! ಆ ಕಥೆ ಕಟ್ಟಿದವರು ಕಾಳಗಕ್ಕೂ ಕಾಳಗಕ್ಕೂ ನಡುವೆ ತಪಸ್ಸನ್ನು ಇಟ್ಟರು. ಸಾವಿರ ವರ್ಷ ಕಣ್ಣುಮುಚ್ಚಿ ಕೂತವನು ಏನನ್ನು ಕಂಡಿರಬೇಕು? ವೈರಿಯನ್ನೇ ಕಂಡಿರಬೇಕು. ಇಷ್ಟು ಹತ್ತಿರದಿಂದ ತಿಳಿದುಕೊಂಡ ಮೇಲೂ ಅವನನ್ನು ಅಸುರ ಎನ್ನುವ ಒಂದೇ ಪದದಲ್ಲಿ ಮುಗಿಸಿಬಿಡಲು ಬರುತ್ತದೆಯೇ?

ಕೋಲಾರ ಸೀಮೆಯ ಊರುಗಳಲ್ಲಿ ಈ ಪ್ರಶ್ನೆಗೆ ರಾತ್ರಿಯಿಡೀ ಉತ್ತರ ನಡೆಯುತ್ತದೆ. ಜಾತ್ರೆ, ಹಬ್ಬ ಎಂದರೆ ‘ಕುರುಕ್ಷೇತ್ರ’ ನಾಟಕ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರ ಬೇಕಾದವರು ಕೈಯಿಂದ ದುಡ್ಡು ಹಾಕುತ್ತಾರೆ. ಕಿರೀಟ, ಭುಜಕೀರ್ತಿ, ಎದೆಯ ಕವಚ ಎಲ್ಲ ಬಾಡಿಗೆಗೆ ಬರುತ್ತವೆ. ಇವತ್ತು ಮಾಲೂರಿನ ಕಡೆ ಕರ್ಣನ ಎದೆ ಮೇಲಿದ್ದ ಕವಚವೇ ನಾಳೆ ಶ್ರೀನಿವಾಸಪುರದ ಕಡೆ ಇನ್ನೊಬ್ಬ ಕರ್ಣನ ಮೈಮೇಲೆ ಇರಬಹುದು. ಕವಚ ಒಂದೇ, ಒಳಗಿನ ಮನುಷ್ಯ ಬೇರೆ. ಮುಂದೆ ಚಾಪೆ ಹಾಸಿ ಕೂತವರಿಗೆ ಒಳಗಿರುವವನು ಯಾರ ಮಗ, ರೇಷ್ಮೆ ಬೆಳೆಯಲ್ಲಿ ಈ ಸಲ ಎಷ್ಟು ಕಳೆದುಕೊಂಡ ಎಂಬುದೆಲ್ಲ ಗೊತ್ತಿರುತ್ತದೆ. ಅವನು ಹಾಡಿದ ಕಂದಪದ್ಯಕ್ಕೆ ‘ಒನ್ಸ್ ಮೋರ್’ ಕೂಗಿದವರೇ ಅವನು ಬೀಳುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕರ್ಣನನ್ನು ಅಸುರನೆಂದು ನಂಬಿ ಅಲ್ಲಿ ಯಾರೂ ನೆಮ್ಮದಿಯಾಗಿ ಮನೆಗೆ ಹೋಗುವುದಿಲ್ಲ. ಪೌರಾಣಿಕರು ಕೊಟ್ಟ ಸಮಾಧಾನವನ್ನು ಆ ಪ್ರೇಕ್ಷಕರು ಮಾತಿಲ್ಲದೆ ತಳ್ಳಿಹಾಕಿದ್ದಾರೆ.

ಈ ನೆಲದ ಸ್ಥಳಪುರಾಣಗಳೂ ಇದೇ ಕಡೆಗೆ ಕೈ ತೋರಿಸುತ್ತವೆ. ಕೋಲಾರದ ಶತಶೃಂಗ ಬೆಟ್ಟ, ಅಂತರಗಂಗೆಯ ಆಸುಪಾಸು ಜಮದಗ್ನಿ, ಪರಶುರಾಮರ ನೆಲೆಯೆಂದು ನಂಬಿಕೆ. ತಂದೆಯನ್ನು ಕೊಂದ ಕಾರ್ತವೀರ್ಯನ ಕಡೆಯವರ ಮೇಲಿನ ಸಿಟ್ಟಿನಲ್ಲಿ ಪರಶುರಾಮ 21 ಸಲ ಕ್ಷತ್ರಿಯರನ್ನು ನಿರ್ಮೂಲ ಮಾಡಿದ. ಇಪ್ಪತ್ತೊಂದನೆಯ ಸಲ ಮಾಡಬೇಕಾಗಿ ಬಂತೆಂದರೆ ಅದಕ್ಕೆ ಮುಂಚಿನ ಇಪ್ಪತ್ತೂ ಸಲ ಆ ಕೆಲಸ ಆಗಲಿಲ್ಲ ಎಂದೇ ಅರ್ಥ. ವೈರಿ ಮರಳಿ ಬಂದ. ಕೊಡಲಿಗೆ ಅವನನ್ನು ಮುಗಿಸುವ ಶಕ್ತಿ ಇರಲಿಲ್ಲ. ಇದೇ ಪರಶುರಾಮ ಕರ್ಣನ ಗುರು ಎಂಬುದನ್ನು ಮರೆಯಬಾರದು. ತೊಡೆಯ ಮೇಲೆ ತಲೆಯಿಟ್ಟು ಮಲಗುವಷ್ಟು ನೆಚ್ಚಿದ ಶಿಷ್ಯನನ್ನು, ಹುಳು ಕೊರೆದರೂ ಅಲುಗಾಡದ ಅವನ ಸಹನೆ ಕಂಡೇ, ಇವನು ಬ್ರಾಹ್ಮಣನಲ್ಲ ಎಂದು ಶಪಿಸಿದ.

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಇನ್ನೊಂದು ಬಗೆಯ ಯುದ್ಧದ ನೆನಪಿದೆ. ವಾಲ್ಮೀಕಿ ಆಶ್ರಮ ಅಲ್ಲಿತ್ತು, ಲವಕುಶರು ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ತಂದೆಯ ಸೈನ್ಯಕ್ಕೂ ಮಕ್ಕಳಿಗೂ ಕಾಳಗ ನಡೆಯಿತು, ಯಾರು ಯಾರೆಂದು ಗೊತ್ತಿಲ್ಲದೆ. ಆವನಿಯಲ್ಲಿ ಗುರುತು ಹೊತ್ತಿಗೆ ಸರಿಯಾಗಿ ಸಿಕ್ಕಿತು. ಕುರುಕ್ಷೇತ್ರದಲ್ಲಿ ಸಿಗಲಿಲ್ಲ. ಕರ್ಣ ಅರ್ಜುನನ ಅಣ್ಣನೆಂದು ಕೃಷ್ಣನಿಗೆ ಗೊತ್ತಿತ್ತು, ಕುಂತಿಗೆ ಗೊತ್ತಿತ್ತು, ಕರ್ಣನಿಗೂ ಗೊತ್ತಿತ್ತು. ಬಾಣ ಬಿಟ್ಟವನಿಗೆ ಮಾತ್ರ ಗೊತ್ತಿರಲಿಲ್ಲ. ಸತ್ತವರಿಗೆ ತರ್ಪಣ ಬಿಡುವ ಹೊತ್ತಿಗೆ ಕುಂತಿ ಬಾಯಿಬಿಟ್ಟಳು. ಅದೇ ಅರ್ಜುನ ಯುದ್ಧ ಮುಗಿದ ಮೇಲೆ ಬಂದು ತನ್ನ ಧ್ವಜದ ಹನುಮನನ್ನು ಪ್ರತಿಷ್ಠಾಪಿಸಿದ ಎಂದು ಮುಳಬಾಗಿಲಿನ ಆಂಜನೇಯನ ಗುಡಿಯ ಐತಿಹ್ಯ ಹೇಳುತ್ತದೆ. ಹಾಗೆ ಬಂದವನ ಮನಸ್ಸಿನಲ್ಲಿ ಗೆಲುವು ಇದ್ದೀತೆಂದು ನನಗೆ ಅನ್ನಿಸುವುದಿಲ್ಲ. ಆಗಲೇ ಅವನಿಗೆ ಎಲ್ಲ ಗೊತ್ತಾಗಿತ್ತು.

ಹಿಂದಿನ ಜನ್ಮದ ಅಪರಾಧಕ್ಕೆ ಈ ಜನ್ಮದವನು ಹೊಣೆಯೇ ಎಂಬುದು ಕರ್ಮವಾದದ ಹಳೆಯ ಚರ್ಚೆ. ನಾನು ಕರ್ಣನ ವಿಷಯವನ್ನಷ್ಟೇ ಹೇಳುತ್ತೇನೆ. ಅಸುರನಿಂದ ಅವನಿಗೆ ನೆನಪು ಬರಲಿಲ್ಲ, ದ್ವೇಷ ಬರಲಿಲ್ಲ, ಬಂದದ್ದು ಕವಚವೊಂದೇ. ಆ ಕವಚವನ್ನು ಅವನು ಏನು ಮಾಡಿದ? 999 ಕವಚಗಳನ್ನು ಒಡೆಯಲು ಇಬ್ಬರು ಋಷಿಗಳು ಮತ್ತೆ ಮತ್ತೆ ಸತ್ತರು. ಸಾವಿರದನೆಯದನ್ನು ಒಡೆಯಲು ಯಾರೂ ಸಾಯಬೇಕಾಗಲಿಲ್ಲ. ಇಂದ್ರ ಬ್ರಾಹ್ಮಣವೇಷದಲ್ಲಿ ಬಂದು ಬೇಡಿದ. ಬರುವವನು ಇಂದ್ರ, ಕೊಡಬೇಡ ಎಂದು ಸೂರ್ಯ ಮುಂಚೆಯೇ ಎಚ್ಚರಿಸಿದ್ದ. ಕರ್ಣ ತನ್ನ ಮೈಯಿಂದ ತಾನೇ ಕೊಯ್ದು ಕೊಟ್ಟ. ಆ ಗಳಿಗೆಯಲ್ಲಿ ಸಹಸ್ರಕವಚ ಇಲ್ಲವಾದ. ಬದಲಿಗೆ ಸಿಕ್ಕ ಶಕ್ತ್ಯಾಯುಧವೂ ಘಟೋತ್ಕಚನ ಮೇಲೆ ಖರ್ಚಾಯಿತು. ಯುದ್ಧದ 17ನೆಯ ದಿನ ಬಾಣಕ್ಕೆ ಸಿಕ್ಕವನು ಬರೀ ಎದೆಯ ಒಬ್ಬ ಮನುಷ್ಯ, ಕೊಂದವನ ಅಣ್ಣ.

ಹರಿಕಥೆ ಮಾಡುವವರಲ್ಲಿ, ನಾಟಕ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಸಹಸ್ರಕವಚನ ಕಥೆಯನ್ನು ಬಿಡಬೇಡಿ, ಅದು ದೊಡ್ಡ ಕಥೆ. ಆದರೆ ಕರ್ಣನ ಕೊಲೆಗೆ ಅದನ್ನು ನ್ಯಾಯವೆಂದು ಹೇಳಬೇಡಿ. ಕವಚ ದಾನದ ಸನ್ನಿವೇಶಕ್ಕೆ ತಂದು ನಿಲ್ಲಿಸಿ, ಅಸುರ ಅಲ್ಲಿಗೆ ಮುಗಿದ ಎಂದು ಮಕ್ಕಳಿಗೆ ಹೇಳಿ.